‘ರಕ್ತದಲ್ಲೇ ಇತ್ತು’ ಅಂತ ಬರೆದವರಿಗೆ

ಅಮೆರಿಕದ ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. 630 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ), 2016ರಲ್ಲಿ ದಿಗ್ಗಜರನ್ನ ಗೌರವಿಸೋ ಹಾಲ್ ಆಫ್ ಫೇಮ್‌ಗೆ 440ರಲ್ಲಿ 437 ವೋಟು, ಅಂಕಿಅಂಶ ಎಲ್ಲ ಸರಿ ಇದೆ, ಭಾಷೆನೂ ಸರಾಗ. ಆದ್ರೆ ಎರಡು ವಾಕ್ಯ ನಿನ್ನೆಯಿಂದ ತಲೇಲಿ ಕೂತಿವೆ, ಅಷ್ಟೇ ಹೇಳ್ತೀನಿ.

"ಬೇಸ್‌ಬಾಲ್ ಆತನ ರಕ್ತದಲ್ಲೇ ಇತ್ತು." ಯಾಕ್ರೀ ಬರೀತೀರಿ ಇದನ್ನ? ಅಪ್ಪ ಸೀನಿಯರ್ ಗ್ರಿಫಿ 1975, 76ರಲ್ಲಿ ಸಿನ್ಸಿನಾಟಿ ರೆಡ್ಸ್ ಟೀಮ್ ಜೊತೆ ಅಲ್ಲಿನ ಚಾಂಪಿಯನ್‌ಶಿಪ್ ಆದ ವರ್ಲ್ಡ್ ಸೀರೀಸ್ ಗೆದ್ದವರು, ನಿಜ. ಹಾಗಾದ್ರೆ ತಮ್ಮ ಕ್ರೇಗ್? ಅದೇ ಅಪ್ಪ, ಅದೇ ಮನೆ, ಅಣ್ಣನ ಟೀಮ್ ಸಿಯಾಟಲ್ ಮ್ಯಾರಿನರ್ಸೇ ಅವನನ್ನೂ ತಗೊಂಡಿತ್ತು, ಕೆಳಹಂತದ ಮೈನರ್ ಲೀಗ್‌ಗಳಲ್ಲಿ ವರ್ಷಗಟ್ಟಲೆ ಆಡಿದ, ಮೇಲಿನ ಹಂತದ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯನೂ ಸಿಗ್ಲಿಲ್ಲ. ನಿಮ್ಮ ಲೇಖನದಲ್ಲಿ ಅವನ ಹೆಸ್ರೇ ಇಲ್ಲ. ಇದ್ದಿದ್ರೆ ಆ ರಕ್ತದ ವಾಕ್ಯ ಬರೆಯೋಕೆ ನಿಮಗೇ ಕೈ ಬರ್ತಿರ್ಲಿಲ್ಲ.

ಇನ್ನೊಂದು: "1995ರಲ್ಲಿ ಗಾಯದ ಕಾರಣ 73 ಪಂದ್ಯ ತಪ್ಪಿಸಿಕೊಂಡರು." ಗಾಯ ಹೇಗಾಯ್ತು? ಮೇ 26, ಸಿಯಾಟಲ್‌ನ ಕಿಂಗ್‌ಡೋಮ್ ಸ್ಟೇಡಿಯಂ, ಬಾಲ್ಟಿಮೋರ್‌ನ ಕೆವಿನ್ ಬಾಸ್ ಹೊಡೆದ ಚೆಂಡು ಹಿಂದಿನ ಗೋಡೆ ಕಡೆ ಹೋಗ್ತಾ ಇದೆ, ಈತ ಒಂದು ಚೂರೂ ವೇಗ ಕಮ್ಮಿ ಮಾಡ್ದೆ ಓಡಿ ಹಾರಿ ಹಿಡಿದು ಹಾಗೇ ಗೋಡೆಗೆ ಹೋಗಿ ಬಡ್ಕೊಂಡ. ಈತ ಎಡಚ, ಅಂದ್ರೆ ಗ್ಲವ್ ಇದ್ದದ್ದು ಬಲಗೈಗೆ, ಗೋಡೆಗೆ ಸಿಕ್ಕಿದ್ದು ಚೆಂಡು ಎಸೆಯೋ ಎಡಗೈ. ಮಣಿಕಟ್ಟು ಮುರೀತು, ಪ್ಲೇಟು ಸ್ಕ್ರೂ ಹಾಕ್ಬೇಕಾಯ್ತು, ಚೆಂಡು ಮಾತ್ರ ಬಿಡ್ಲಿಲ್ಲ. ಮೈದಾನದ ಹಿಂಭಾಗದ ನಡುವೆ ಕಾಯೋ ಸೆಂಟರ್ ಫೀಲ್ಡರ್ ಅಂದ್ರೆ ಇದು ಸ್ವಾಮಿ! 1990ರಿಂದ 99ರವರೆಗೆ ಸತತ ಹತ್ತು ಗೋಲ್ಡ್ ಗ್ಲವ್, ಅಂದ್ರೆ ಫೀಲ್ಡಿಂಗ್ ಪ್ರಶಸ್ತಿ, ಬಂದಿದ್ದು ಇಂಥ ಓಟಕ್ಕೆ, ಮತ್ತೆ ನೀವು ಅದನ್ನ "ಗಾಯದ ಕಾರಣ" ಅನ್ನೋ ಎರಡು ಪದದಲ್ಲಿ ಹೂತಾಕಿದೀರಿ. ಅದೇ ವರ್ಷ ಅಕ್ಟೋಬರ್ 8ಕ್ಕೆ ನ್ಯೂಯಾರ್ಕಿನ ಯಾಂಕೀಸ್ ವಿರುದ್ಧ 11ನೇ ಇನ್ನಿಂಗ್ಸ್‌ನಲ್ಲಿ ಜೊತೆ ಆಟಗಾರ ಎಡ್ಗರ್ ಮಾರ್ಟಿನೆಜ್ ಹೊಡೆತಕ್ಕೆ ಫಸ್ಟ್ ಬೇಸ್‌ನಿಂದ, ರನ್ ಪೂರ್ತಿಯಾಗೋ ಹೋಮ್‌ವರೆಗೂ ಓಡಿ ಗೆಲುವಿನ ರನ್ ತಂದವನೂ ಇವನೇ. ಗೋಡೆ ಇಲ್ದೆ ಹೋದ್ರೆ ಆ ಓಟಕ್ಕೆ ಏನು ತೂಕ ಇರತ್ತೆ?

ನಾನು ಹುಬ್ಬಳ್ಳಿಯಲ್ಲಿ ಟ್ರೇನಿ ಆಗಿದ್ದಾಗ ಒಂದು ಕಬಡ್ಡಿ ವರದಿಯಲ್ಲಿ "ಗಾಯಗೊಂಡು ಹೊರನಡೆದರು" ಅಂತ ಬರೆದಿದ್ದೆ. ಡೆಸ್ಕಿನ ಹಿರಿಯರು ಹಾಳೆ ಮುಂದಿಟ್ಟು "ಯಾವ ಕಾಲು?" ಅಂದ್ರು. ಗೊತ್ತಿರ್ಲಿಲ್ಲ. ರಾತ್ರಿ ಹತ್ತೂವರೆಗೆ ಆ ಹುಡುಗ ಇಳ್ಕೊಂಡಿದ್ದ ಲಾಡ್ಜಿಗೆ ಹೋದೆ, ಕುಂಬಳಕಾಯಿ ಥರ ಊದಿದ್ದ ಎಡ ಪಾದ ದಿಂಬಿನ ಮೇಲಿಟ್ಕೊಂಡು, ಎದುರಾಳಿ ಹೇಗೆ ಹಿಡಿದ ಅಂತ ನನ್ನ ಕಾಲನ್ನೇ ಹಿಡಿದು ತೋರ್ಸಿದ. ಆ ಹಿಡಿತ ಇವತ್ತಿಗೂ ಕಾಲಲ್ಲಿ ಹಾಗೇ ಇದೆ.

ಲೇಖನ ವಾಪಸ್ ಕಳಿಸ್ತಿದೀನಿ, ಬೇಡ ಅಂತಲ್ಲ. ಗೋಡೆಯಿಂದ ಶುರು ಮಾಡಿ, ಕ್ರೇಗ್‌ನ ಒಳಗೆ ತನ್ನಿ. ಮುಂದಿನ ಶುಕ್ರವಾರದವರೆಗೂ ಜಾಗ ಹಿಡಿದಿಟ್ಟಿರ್ತೀನಿ.