ರಿಚ್ಮಂಡಿಗೆ ಹೊಸದಾಗಿ ಬಂದವರಿಗೆ: ಟಿಮ್ ಕೇನ್ ಅವರ ಬಗ್ಗೆ

ಮತದಾನದ ಹಕ್ಕಿಲ್ಲದ ಎಚ್-1ಬಿ (ಕೆಲಸದ) ವೀಸಾದವರಿಗೆ ಇಲ್ಲಿಯ ಗವರ್ನರ್, ಸೆನೆಟರ್‌ಗಳ ವಿಚಾರ ಏಕೆ ಬೇಕು, ಅವರ ಕೆಲಸಗಳಿಗೆ ವ್ಯತ್ಯಾಸವೇನು ಎಂದು ಕೇಳಿದ್ದೀರಿ. ನೀವು ಮನೆ ಮಾಡಿರುವ, ವರ್ಜೀನಿಯ ರಾಜ್ಯದ ರಾಜಧಾನಿ ರಿಚ್ಮಂಡಿನವರೇ ಆದ ಟಿಮ್ ಕೇನ್ ಎರಡೂ ಹುದ್ದೆಗಳನ್ನು ಕಂಡವರು. ಅವರ ಬದುಕನ್ನೇ ಹಿಡಿದು ಉತ್ತರಿಸುತ್ತೇನೆ.

ಕೇನ್ ಕೂಡ ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರು. 1958ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಹುಟ್ಟಿ, ಕ್ಯಾನ್ಸಸ್ ಸಿಟಿಯ ಆಸುಪಾಸಿನಲ್ಲಿ ಬೆಳೆದರು. ತಂದೆ ವೆಲ್ಡಿಂಗ್ ವರ್ಕ್‌ಶಾಪ್ ನಡೆಸುತ್ತಿದ್ದರು. ಹಾರ್ವರ್ಡ್‌ನಲ್ಲಿ ಕಾನೂನು ಓದುವಾಗ ವ್ಯಾಸಂಗವನ್ನು ನಡುವೆಯೇ ನಿಲ್ಲಿಸಿ, ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಎಲ್ ಪ್ರೊಗ್ರೆಸೊದಲ್ಲಿ ಜೆಸ್ಯೂಟ್ ಪಾದ್ರಿಗಳ ಶಾಲೆ ಸೇರಿ ಹುಡುಗರಿಗೆ ಮರಗೆಲಸ, ವೆಲ್ಡಿಂಗ್ ಕಲಿಸಿದರು. ಮರಳಿ ಬಂದು ಪದವಿ ಮುಗಿಸಿ, 1984ರಲ್ಲಿ ಆನ್ ಹೋಲ್ಟನ್ ಅವರನ್ನು ಮದುವೆಯಾಗಿ ರಿಚ್ಮಂಡಿನಲ್ಲಿ ನೆಲೆಸಿದರು. ಆಕೆಯ ತಂದೆ ಲಿನ್‌ವುಡ್ ಹೋಲ್ಟನ್ ರಿಪಬ್ಲಿಕನ್ ಪಕ್ಷದಿಂದ ವರ್ಜೀನಿಯದ ಗವರ್ನರ್ ಆಗಿದ್ದವರು. 1970ರಲ್ಲಿ, ಕಪ್ಪು, ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಓದುವ ಶಾಲಾ ಏಕೀಕರಣವನ್ನು ಬಿಳಿಯರಲ್ಲಿ ಅನೇಕರು ವಿರೋಧಿಸುತ್ತಿದ್ದಾಗ, ಸ್ವಂತ ಮಕ್ಕಳನ್ನು ಕಪ್ಪು ಮಕ್ಕಳೇ ಹೆಚ್ಚಿದ್ದ ಸರ್ಕಾರಿ ಶಾಲೆಗಳಿಗೆ ಕಳುಹಿಸಿದವರು. ಅಳಿಯ ಕೇನ್ ಡೆಮಾಕ್ರಟಿಕ್ ಪಕ್ಷದವರು; ಜನಾಂಗದ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸಲ್ಪಟ್ಟವರ ಪರ ವಕೀಲಿ ಮಾಡಿದರು. ಅವರನ್ನು ನಾನು ಗೌರವಿಸುವುದಕ್ಕೆ ಮುಂದಿನ ಹುದ್ದೆಗಳಿಗಿಂತ ಈ ವಕೀಲಿಯೇ ದೊಡ್ಡ ಕಾರಣ.

1994ರಲ್ಲಿ ನಗರಸಭೆಯ ಸದಸ್ಯರಾದರು. ಮೇಯರ್, ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಹುದ್ದೆಗಳನ್ನು ದಾಟಿ 2006ರಲ್ಲಿ ಗವರ್ನರ್ ಆದರು. ಇಲ್ಲಿಯ ಗವರ್ನರ್ ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯದ ಆಡಳಿತ ನಡೆಸುವವರು, ಆದರೆ ಜನರಿಂದ ನೇರವಾಗಿ ಆಯ್ಕೆಯಾದವರು. ವರ್ಜೀನಿಯದಲ್ಲಂತೂ ಸತತವಾಗಿ ಎರಡನೆಯ ಅವಧಿಗೆ ಅವಕಾಶವಿಲ್ಲ. 2007ರ ಏಪ್ರಿಲ್ 16ರಂದು ವರ್ಜೀನಿಯ ಟೆಕ್‌ನಲ್ಲಿ ವಿದ್ಯಾರ್ಥಿಯೊಬ್ಬ 32 ಜನರನ್ನು ಗುಂಡಿಕ್ಕಿ ಕೊಂದಾಗ, ಸತ್ತವರಲ್ಲಿ ತಮಿಳುನಾಡಿನಿಂದ ಬಂದ ಪ್ರಾಧ್ಯಾಪಕರೊಬ್ಬರೂ ಮುಂಬೈಯ ವಿದ್ಯಾರ್ಥಿನಿಯೊಬ್ಬಳೂ ಇದ್ದರು. ವ್ಯಾಪಾರ ನಿಯೋಗದೊಂದಿಗೆ ಆಗಷ್ಟೇ ಜಪಾನಿನಲ್ಲಿ ಇಳಿದಿದ್ದ ಕೇನ್ ಕೂಡಲೇ ಹಿಂದಿರುಗಿದರು, ತನಿಖಾ ಸಮಿತಿ ನೇಮಿಸಿದರು, ಮತ್ತು ಕೋರ್ಟು ಮಾನಸಿಕ ಚಿಕಿತ್ಸೆಗೆ ಆದೇಶಿಸಿದ್ದರೂ ಹೊರರೋಗಿಯೆಂಬ ಕಾರಣಕ್ಕೆ ಬಂದೂಕು ಖರೀದಿಯ ತಪಾಸಣೆಯಲ್ಲಿ ನುಸುಳಿಹೋಗುತ್ತಿದ್ದವರನ್ನು ತಡೆಯುವಂತೆ ಆ ತಿಂಗಳು ಮುಗಿಯುವ ಮೊದಲೇ ಆಜ್ಞೆ ಹೊರಡಿಸಿದರು. ಶಾಸನಸಭೆಯನ್ನು ಕಾಯದೆ ಗವರ್ನರ್ ಮಾಡಬಹುದಾದ ಕೆಲಸ ಇಂಥದ್ದು.

2013ರಿಂದ ಅವರು ಸೆನೆಟರ್, ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮೇಲ್ಮನೆಯ ಸದಸ್ಯರು. ರಾಜ್ಯ ಚಿಕ್ಕದಿರಲಿ ದೊಡ್ಡದಿರಲಿ, ಜನ ನೇರವಾಗಿ ಆರಿಸುವ ಇಬ್ಬರು ಸೆನೆಟರ್‌ಗಳು ಮಾತ್ರ. ನೂರು ಜನರಲ್ಲಿ ಒಬ್ಬರಾದವರು ಒಪ್ಪಿಸಿ ಒಲಿಸಿಕೊಳ್ಳಬೇಕೇ ಹೊರತು ಆಜ್ಞೆ ಮಾಡಲಾಗದು. ಇರಾನ್ ಮೇಲೆ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಯುದ್ಧ ಹೂಡಬಾರದೆಂಬ ಅವರ ನಿರ್ಣಯ 2020ರಲ್ಲಿ 55-45 ಮತಗಳಿಂದ ಗೆದ್ದರೂ ಅಧ್ಯಕ್ಷರ ವೀಟೊಗೆ ಬಿತ್ತು. 2013ರ ವಲಸೆ ಮಸೂದೆಯ ಪರವಾಗಿ ಅವರು ಹೊಂಡುರಾಸ್‌ನಲ್ಲಿ ರೂಢಿಸಿಕೊಂಡ ಸ್ಪ್ಯಾನಿಷ್‌ನಲ್ಲೇ ಇಡೀ ಭಾಷಣ ಮಾಡಿದರು; ಸೆನೆಟ್‌ನಲ್ಲಿ ಅಂಥದ್ದು ಅದೇ ಮೊದಲು. ಉದ್ಯೋಗಾಧಾರಿತ ಗ್ರೀನ್ ಕಾರ್ಡಿನ (ಕಾಯಂ ವಾಸದ ಪರವಾನಗಿಯ) ಮೇಲಿರುವ, ಒಂದೊಂದು ದೇಶದವರಿಗೆ ಇಷ್ಟೇ ಎಂಬ ದೇಶವಾರು ಮಿತಿಯನ್ನು ತೆಗೆಯಬೇಕಿದ್ದ ಆ ಮಸೂದೆ ಸೆನೆಟ್ ದಾಟಿ ಕೆಳಮನೆಯಲ್ಲಿ ನಿಂತುಹೋಯಿತು. ಮುಂದೆ ನೀವು ನಿಲ್ಲಬೇಕಾಗಿರುವ ಉದ್ದನೆಯ ಸರದಿಗೂ ಇದಕ್ಕೂ ನೇರ ಸಂಬಂಧವಿದೆ. (2016ರಲ್ಲಿ ಹಿಲರಿ ಕ್ಲಿಂಟನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತದ್ದನ್ನು ನೀವು ಕೇಳಿರುತ್ತೀರಿ.)

ಆದ್ದರಿಂದ ಶಾಲೆ, ಡ್ರೈವಿಂಗ್ ಲೈಸೆನ್ಸ್ ರಾಜ್ಯದ ವಿಷಯ. ವೀಸಾ, ಪಾಸ್‌ಪೋರ್ಟ್ ವಾಷಿಂಗ್ಟನ್ನಿನದು. ವಲಸೆ ಇಲಾಖೆಯಲ್ಲಿ ನಿಮ್ಮ ಅರ್ಜಿ ನಿಗದಿತ ಅವಧಿ ಮೀರಿ ಕೊಳೆಯುತ್ತಿದ್ದರೆ, ಪೌರತ್ವವಿಲ್ಲದಿದ್ದರೂ ಸೆನೆಟರ್ ಕಚೇರಿಗೆ ಬರೆಯಬಹುದು. ಒಪ್ಪಿಗೆಯ ಫಾರಂಗೆ ಸಹಿ ಹಾಕಿದರೆ ಅಲ್ಲಿಯ ಸಿಬ್ಬಂದಿ ಇಲಾಖೆಯನ್ನು ವಿಚಾರಿಸುತ್ತಾರೆ. ತೀರ್ಪನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಇನ್ನೊಂದು ಮಾತು: ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ಇದ್ದಂತೆ) ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ದಯವಿಟ್ಟು ಬೇಡವೆಂದೇ ಗುರುತು ಹಾಕಿ, ಅಲ್ಲಿ ಪೌರನೆಂದು ತಪ್ಪಾಗಿ ಹೇಳಿಕೊಂಡರೆ ಮುಂದೆ ಗ್ರೀನ್ ಕಾರ್ಡಿಗೇ ಸಂಚಕಾರ.