ಪಾರ್ಲಿಮೆಂಟಿಗೇ ಆರಿಸಿ ಬರದವರು ಸ್ವಿಟ್ಜರ್ಲೆಂಡಿನಲ್ಲಿ ಕೇಂದ್ರ ಮಂತ್ರಿ ಆಗಬಹುದಾ?

ಖಂಡಿತ ಆಗಬಹುದು. ಅಲ್ಲಿ ಎಂಪಿ ಆಗಿದ್ದವರು ಮಂತ್ರಿಯಾದರೆ ತಮ್ಮ ಸೀಟನ್ನೇ ಬಿಡಬೇಕು. ಕೇಂದ್ರ ಸರ್ಕಾರ ಅಂದರೆ ಏಳೇ ಜನರ ಫೆಡರಲ್ ಕೌನ್ಸಿಲ್. ಎರಡೂ ಸದನಗಳ 246 ಸದಸ್ಯರು ಒಟ್ಟಿಗೆ ಸೇರಿ, ಗುಟ್ಟಾಗಿ ಮತ ಹಾಕಿ, ಒಬ್ಬೊಬ್ಬರನ್ನೇ ಆರಿಸುತ್ತಾರೆ.

ಉದಾಹರಣೆ ಬೇಕಾ? ನಾನಾದರೆ ರುತ್ ಡ್ರೈಫುಸ್ ಅವರ ಹೆಸರನ್ನೇ ಹೇಳುತ್ತೇನೆ. 1940ರಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಸೆಕ್ರೆಟರಿ ಕೆಲಸ, ಪತ್ರಿಕೆ ಕೆಲಸ ಮಾಡಿ, ಆಮೇಲೆ ಅರ್ಥಶಾಸ್ತ್ರ ಓದಿದರು. 1981ರಿಂದ ಕಾರ್ಮಿಕ ಸಂಘಗಳ ಒಕ್ಕೂಟದ ಕಾರ್ಯದರ್ಶಿ. ಚುನಾವಣೆ ಅಂತ ಗೆದ್ದಿದ್ದು ಬರ್ನ್ ನಗರಸಭೆ ಮಾತ್ರ. ಪಾರ್ಲಿಮೆಂಟಿನ ಮೆಟ್ಟಿಲು ಹತ್ತಿರಲಿಲ್ಲ.

1993ರ ಮಾರ್ಚ್‌ನಲ್ಲಿ ನಡೆದದ್ದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಲೇಬೇಕು. ಆ ದೇಶದ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದೇ 1971ರಲ್ಲಿ. 1984ರಲ್ಲಿ ಮೊದಲ ಮಹಿಳಾ ಮಂತ್ರಿಯಾದ ಎಲಿಜಬೆತ್ ಕಾಪ್ 1989ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಏಳಕ್ಕೆ ಏಳೂ ಗಂಡಸರೇ. ಒಂದು ಸ್ಥಾನ ಖಾಲಿಯಾದಾಗ ಸೋಷಿಯಲಿಸ್ಟ್ ಪಕ್ಷ ಕ್ರಿಸ್ಟಿಯಾನ್ ಬ್ರುನರ್ ಅವರನ್ನು ನಿಲ್ಲಿಸಿತು. 1991ರಲ್ಲಿ ಲಕ್ಷಾಂತರ ಹೆಂಗಸರು ಮಾಡಿದ ಮುಷ್ಕರದ ಮುಂದಾಳು ಆಕೆ. ಹೆಸರಿಲ್ಲದ ಪತ್ರ ಬರೆದು ಆಕೆಯ ಖಾಸಗಿ ಬದುಕನ್ನು ಬೀದಿಗೆಳೆದರು. ಮಾರ್ಚ್ 3ರಂದು ಪಾರ್ಲಿಮೆಂಟು ಆಕೆಯನ್ನು ಬಿಟ್ಟು ಅದೇ ಪಕ್ಷದ ಫ್ರಾನ್ಸಿಸ್ ಮ್ಯಾಥೆ ಅವರನ್ನು ಆರಿಸಿತು. ನನಗೆ ಈಗ ಓದಿದರೂ ಸಿಟ್ಟು ಬರುತ್ತದೆ.

ಹೆಂಗಸರು ಬೀದಿಗಿಳಿದರು. ಪಕ್ಷವೂ ಪಟ್ಟು ಹಿಡಿಯಿತು. ಮ್ಯಾಥೆ ಒಂದು ವಾರ ಸಮಯ ಕೇಳಿ, ಕೊನೆಗೆ ಹುದ್ದೆ ಬೇಡ ಅಂದರು. ಈ ಸಲ ಪಕ್ಷ ಬ್ರುನರ್ ಜೊತೆಗೆ ಡ್ರೈಫುಸ್ ಹೆಸರನ್ನೂ ಕೊಟ್ಟಿತು. ಇನ್ನೊಂದು ತೊಡಕಿತ್ತು. ಒಂದೇ ಕ್ಯಾಂಟನ್‌ನಿಂದ, ಅಂದರೆ ಒಂದೇ ರಾಜ್ಯದಿಂದ, ಇಬ್ಬರು ಮಂತ್ರಿಗಳಿರುವಂತಿಲ್ಲ ಎಂಬ ನಿಯಮ ಆಗ ಇತ್ತು. ಬರ್ನ್‌ನಿಂದ ಅಡಾಲ್ಫ್ ಓಗಿ ಆಗಲೇ ಇದ್ದರು. ಡ್ರೈಫುಸ್ ಅವಸರದಲ್ಲಿ ತಮ್ಮ ವಿಳಾಸದ ದಾಖಲೆಯನ್ನು ಜಿನೀವಾಕ್ಕೆ ಬದಲಿಸಿಕೊಂಡರು. ಮಾರ್ಚ್ 10ರಂದು ಪಾರ್ಲಿಮೆಂಟಿನ ಮುಂದಿನ ಚೌಕದಲ್ಲಿ ಜನ ಕಿಕ್ಕಿರಿದಿದ್ದರು. ಒಳಗೆ ಡ್ರೈಫುಸ್ ಗೆದ್ದರು. ಆಮೇಲೆ ಡ್ರೈಫುಸ್, ಬ್ರುನರ್ ಇಬ್ಬರೂ ಜನರ ಮುಂದೆ ಬಂದಾಗ ಇಬ್ಬರ ಉಡುಪಿನ ಮೇಲೂ ಸೂರ್ಯನ ಆಕಾರದ, ಒಂದೇ ಥರದ ಚಿನ್ನದ ಬಣ್ಣದ ಪಿನ್ ಇತ್ತು.

ಹೀಗೆ ಆ ಕೌನ್ಸಿಲ್‌ಗೆ ಮೊದಲ ಯಹೂದಿ ಸದಸ್ಯೆ ಬಂದರು. 1999ರಲ್ಲಿ ದೇಶದ ಮೊದಲ ಮಹಿಳಾ ಅಧ್ಯಕ್ಷೆಯೂ ಆದರು. ಅಲ್ಲಿ ಅಧ್ಯಕ್ಷ ಪದವಿ ಒಂದೊಂದು ವರ್ಷಕ್ಕೆ ಒಬ್ಬೊಬ್ಬರಿಗೆ ಬರುತ್ತದೆ, ಹಾಗಾಗಿ ಅದಕ್ಕಿಂತ ಅವರು ಮಂತ್ರಿಯಾಗಿ ಮಾಡಿದ ಕೆಲಸವೇ ನನಗೆ ದೊಡ್ಡದು. ಎಲ್ಲರಿಗೂ ಕಡ್ಡಾಯವಾದ ಆರೋಗ್ಯ ವಿಮೆ 1996ರಲ್ಲಿ ಜಾರಿಗೆ ಬಂದಿದ್ದು ಅವರ ಕಾಲದಲ್ಲಿ. ಪಿಂಚಣಿ ಸುಧಾರಣೆಯಲ್ಲಿ, ಮಕ್ಕಳನ್ನು ಬೆಳೆಸಿದ ವರ್ಷಗಳೂ ಲೆಕ್ಕಕ್ಕೆ ಬಂದವು. ಆದರೆ ಅದರ ಜೊತೆಗೇ ಹೆಂಗಸರ ನಿವೃತ್ತಿ ವಯಸ್ಸು 62ರಿಂದ 64ಕ್ಕೆ ಏರಿತು. ಅವರು ಬೆಳೆದು ಬಂದ ಕಾರ್ಮಿಕ ಸಂಘಗಳ ವಲಯದಲ್ಲೇ ಇದಕ್ಕೆ ವಿರೋಧ ಬಂತು.

ಎಲ್ಲವೂ ಕೈಗೂಡಲಿಲ್ಲ. ಹೆರಿಗೆ ರಜೆಗೆ ವೇತನ ಕೊಡುವ ವಿಮೆಗಾಗಿ ತುಂಬಾ ಹೋರಾಡಿದರು. ಅವರು ಅಧ್ಯಕ್ಷೆಯಾಗಿದ್ದ ವರ್ಷವೇ ಜನಮತದಲ್ಲಿ ಅದು ಸೋತಿತು. 2002ರ ಕೊನೆಗೆ ಅವರು ಹುದ್ದೆ ಬಿಟ್ಟರು. ಆ ವಿಮೆ ಜಾರಿಯಾಗಿದ್ದು 2005ರಲ್ಲಿ.