ಡೇಂಜರ್ ಬೋರ್ಡ್ ಹಾಕಿದರೆ ಸಾಕೇ?

ವಸಂತನರಸಾಪುರದ ನಿಮ್ಮ ಕಾರ್ಖಾನೆಯ ಎಲ್ಲ ವಿದ್ಯುತ್ ಪ್ಯಾನೆಲ್‌ಗಳಿಗೂ (ಸ್ವಿಚ್‌ಗಳಿರುವ ಪೆಟ್ಟಿಗೆಗಳಿಗೂ) ತಲೆಬುರುಡೆಯ ಡೇಂಜರ್ ಬೋರ್ಡ್ ಹಾಕಿಸಿದ್ದೀರಿ; ಕೆಲಸಗಾರರ ಸುರಕ್ಷತೆಗೆ ಇಷ್ಟು ಸಾಕೇ, ಬರಹ ಯಾವ ಭಾಷೆಯಲ್ಲಿರಬೇಕು ಎಂದು ಕೇಳಿದ್ದೀರಿ. ತುಮಕೂರಿನ ಈ ಭಾಗದಲ್ಲೇ ವಿದ್ಯುತ್ ಮೇಲ್ವಿಚಾರಕನಾಗಿರುವ ನನ್ನ ಅಭಿಪ್ರಾಯದಲ್ಲಿ, ಅದು ಬೇಕೇ ಬೇಕು, ಆದರೆ ಸಾಲದು.

250 ವೋಲ್ಟ್ ಮೀರಿದ ಕಡೆ ಎದ್ದುಕಾಣುವಂತೆ ಅಪಾಯದ ಫಲಕವಿರಬೇಕು, ಅದರಲ್ಲಿ ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಜಿಲ್ಲೆಯ ಭಾಷೆಯೂ ಇರಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವೇ ಹೇಳುತ್ತದೆ. ಉತ್ತರದ ರಾಜ್ಯಗಳಿಂದ ಬಂದವರು ನಿಮ್ಮಲ್ಲಿದ್ದರೆ ಕನ್ನಡದ ಜೊತೆ ಹಿಂದಿಯನ್ನೇ ಆರಿಸಿಕೊಳ್ಳಿ.

ಆ ಫಲಕ 415 ವೋಲ್ಟ್ ಇದೆ ಎನ್ನುತ್ತದೆಯೇ ಹೊರತು ಅದನ್ನು ಎಲ್ಲಿ ಆಫ್ ಮಾಡಬೇಕೆಂದು ಹೇಳುವುದಿಲ್ಲ. ರಿಪೇರಿಗೆ ಬಂದ ವೈರ್‌ಮನ್‌ಗೆ ಬೇಕಾದದ್ದು ಅದೇ. ಆದ್ದರಿಂದ ಪ್ರತಿ ಪ್ಯಾನೆಲ್ ಮೇಲೆ ಅದರ ಹೆಸರು, ಅದಕ್ಕೆ ಸಪ್ಲೈ ಬರುವ ಪ್ಯಾನೆಲ್ ಮತ್ತು ಫೀಡರ್ (ಅಲ್ಲಿಂದ ಇಲ್ಲಿಗೆ ಬರುವ ಲೈನ್) ಸಂಖ್ಯೆ ಬರೆಸಿ. ಬಾಗಿಲಿನ ಮೇಲೆ ಮಾತ್ರ ಬರೆಸಿದರೆ, ಒಂದೇ ಅಳತೆಯ ಎರಡು ಪ್ಯಾನೆಲ್‌ಗಳ ಬಾಗಿಲು ಬಿಚ್ಚಿ ಅದಲುಬದಲಾಗಿ ಕೂರಿಸಿದ ದಿನ ಹೆಸರೂ ಅದಲುಬದಲಾಗುತ್ತದೆ. ಒಳಗಿನ ಕದಲದ ಚೌಕಟ್ಟಿನ ಮೇಲೂ ಇರಲಿ. ಲೇಬಲ್ಲೇ ಇಲ್ಲದಿದ್ದರೆ ಕೆಲಸಗಾರ ಅನುಮಾನದಿಂದ ಟೆಸ್ಟ್ ಮಾಡುತ್ತಾನೆ, ತಪ್ಪು ಲೇಬಲ್ ಇದ್ದರೆ ನಂಬಿ ಕೈ ಹಾಕುತ್ತಾನೆ.

ನಾನು ಹೆಚ್ಚು ಹೆದರುವುದು ಎರಡು ಕಡೆಯಿಂದ ಕರೆಂಟು ಬರುವ ಜಾಗಗಳಿಗೆ. ಬೆಸ್ಕಾಂ ಲೈನ್ ಕಡಿದರೂ ಜನರೇಟರ್ ತಾನಾಗಿ ಶುರುವಾಗಬಹುದು, ಯುಪಿಎಸ್‌ನಿಂದ ಸಪ್ಲೈ ಮುಂದುವರಿಯಬಹುದು. ಚಾವಣಿಯ ಸೌರ ಫಲಕಗಳಿಂದ ಬರುವ ಡಿಸಿ ಕೇಬಲ್‌ನಲ್ಲಂತೂ, ಆ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಆಫ್ ಆಗಿದ್ದರೂ, ಬಿಸಿಲಿರುವಷ್ಟು ಹೊತ್ತು ವೋಲ್ಟೇಜ್ ಇದ್ದೇ ಇರುತ್ತದೆ. ಇಂಥ ಜಾಗಗಳಲ್ಲಿ ‘ಎರಡು ಸಪ್ಲೈ ಇದೆ, ಎರಡನ್ನೂ ಆಫ್ ಮಾಡಿ’ ಎಂದು ಬರೆದು, ಎರಡೂ ಸ್ವಿಚ್‌ಗಳು ಇರುವ ಜಾಗವನ್ನು ಸೂಚಿಸಿ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳ ಕೆಪಾಸಿಟರ್‌ಗಳು ಆಫ್ ಮಾಡಿದ ಮೇಲೂ ಚಾರ್ಜ್ ಹಿಡಿದಿರುವುದರಿಂದ, ತಯಾರಕರು ಹೇಳಿದಷ್ಟು ನಿಮಿಷ ಕಾಯಬೇಕೆಂಬ ಎಚ್ಚರಿಕೆಯೂ ಬೇಕು. ಅದು ಕಂಪನಿಯಿಂದಲೇ ಅಂಟಿಸಿ ಬಂದಿರುತ್ತದೆ. ನಮ್ಮ ಪೇಂಟರ್‌ಗಳು ಅದರ ಮೇಲೆಯೇ ಬಣ್ಣ ಬಳಿಯುತ್ತಾರೆ!

ಕೆಲಸ ನಡೆಯುವಾಗ ಆಫ್ ಮಾಡಿದ ಸ್ವಿಚ್‌ಗೆ ಬೀಗ ಹಾಕಿ, ‘ಕೆಲಸ ನಡೆಯುತ್ತಿದೆ, ಸ್ವಿಚ್ ಹಾಕಬೇಡಿ’ ಎಂಬ ಚೀಟಿಯಲ್ಲಿ ಕೆಲಸಗಾರನ ಹೆಸರು, ಫೋನ್ ಸಂಖ್ಯೆ ಬರೆದು ತೂಗುಹಾಕಬೇಕು. ಬೀಗದ ಕೈ ಅವನ ಜೇಬಿನಲ್ಲೇ ಇರಬೇಕು, ಶಿಫ್ಟ್ ಮುಗಿಸಿ ಹೋಗುವಾಗ ಮುಂದಿನವನು ತನ್ನ ಬೀಗ ಹಾಕಿದ ಮೇಲಷ್ಟೇ ಇವನು ತನ್ನದನ್ನು ತೆಗೆಯಬೇಕು.